ಚೆನ್‌ಗೆ ನುಂಗಲು ಕಲಿಸಿದ್ದು

ಕಲಿಸುವುದು ನನಗೊಂದು ಚಟ. ಯಾರಾದರೂ ಒಂದು ಶಬ್ದದ ಅರ್ಥ ಕೇಳಿದರೆ ಮುಗಿಯಿತು, ಅವರು ಕೈಮುಗಿಯುವವರೆಗೆ ಹೇಳುತ್ತೇನೆ. ಮಗಳು ಇದೇ ಹೆದರಿಕೆಗೆ ಹೋಂವರ್ಕನ್ನು ನನ್ನ ಹತ್ತಿರ ತರುವುದಿಲ್ಲ. ಹಾಗಾಗಿ ನಮ್ಮ ಮಸ್ಕತ್ ಆಫೀಸಿನ ಚೀನೀ ಎಂಜಿನಿಯರ್ ಚೆನ್ "ಇಂಗ್ಲಿಷ್ ಹೇಳಿಕೊಡಿ ಸರ್" ಎಂದಾಗ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಸ್ವಾರ್ಥವೂ ಇತ್ತೆನ್ನಿ. ಭಾನುವಾರ, ಇಲ್ಲಿ ಅದು ರಜೆಯಲ್ಲ, ಗಿರಾಕಿಗಳ ಮುಂದೆ ಅವನು ಹೊಸ ಪಂಪಿನ ಬಗ್ಗೆ ಮಾತಾಡಬೇಕಿತ್ತು. ಅವನಿಗಾಗದಿದ್ದರೆ ನಾನು. ನಾಲ್ಕು ಜನರೆದುರು ನಿಂತರೆ ನನಗೆ ನನ್ನ ಹೆಸರೂ ನೆನಪಿರುವುದಿಲ್ಲ.

ಶನಿವಾರ ಮಧ್ಯಾಹ್ನ ಅವನನ್ನು ಅಲ್ ಅಜೈಬಾದ ನಮ್ಮ ಫ್ಲ್ಯಾಟಿಗೆ ಕರೆದೆ. ಪಾಠ, 'ಸ್ವಾಲೋ' ಎಂಬ ಕ್ರಿಯಾಪದ. ಮಾತ್ರೆ ನುಂಗುವುದು ಒಂದು, ಸಿಟ್ಟು ನುಂಗುವುದು ಇನ್ನೊಂದು ಎಂದೆ. ಚೆನ್ ಎರಡನ್ನೂ ಪುಸ್ತಕದಲ್ಲಿ ಬರೆದುಕೊಂಡು, "ಸಿಟ್ಟು ನಾವೂ ನುಂಗುತ್ತೇವೆ ಸರ್. ಆಮೇಲೆ ಅದು ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದ. ಇಪ್ಪತ್ತು ವರ್ಷದ ಸಂಸಾರದಲ್ಲಿ ನನಗೂ ಅದು ಗೊತ್ತಾಗಿಲ್ಲ.

ಅಷ್ಟರಲ್ಲಿ ಹೆಂಡತಿ ನೀರುದೋಸೆ, ಕೋಳಿ ಗಸಿ ತಂದಳು. ನಮ್ಮ ಮಂಗಳೂರಿನ ಕಡೆ ನೆಂಟರು 'ಸಾಕು' ಅಂದರೆ ನಾಚಿಕೆ ಎಂದು ಅರ್ಥ, ತಟ್ಟೆ ಖಾಲಿಯಾದರೆ ಹಸಿವು ಎಂದು. ಚೆನ್‌ನ ಲೆಕ್ಕವೇ ಬೇರೆ. ಬಡಿಸಿದ್ದನ್ನು ಬಿಟ್ಟರೆ ಮೇಷ್ಟರಿಗೆ ಅವಮಾನವೆಂದು ಅವನು ಖಾಲಿ ಮಾಡುತ್ತಾ ಹೋದ, ಇವಳು ತುಂಬಿಸುತ್ತಾ ಹೋದಳು. ಅವನು ಕೈ ಅಡ್ಡ ಹಿಡಿದರೆ, "ಎಂತ ಸಾಕು ಮಾರಾಯ್ರೆ? ಕಾಗದದ ಹಾಗೆ ಉಂಟು, ಎರಡು ಹಾಕ್ತೇನೆ" ಎಂದು ಅಚ್ಚ ಕನ್ನಡದಲ್ಲೇ ಒತ್ತಾಯ. "ಹಾಕು, ಹಾಕು" ಎಂದು ನಾನು. ಹದಿನಾಲ್ಕನೆಯ ದೋಸೆಗೆ ಅವನ ಕಣ್ಣಲ್ಲಿ ನೀರು ಬಂತು. ಖಾರಕ್ಕಿರಬೇಕೆಂದು ಮಜ್ಜಿಗೆಯನ್ನೂ ಕುಡಿಸಿದೆವು.

ಭಾನುವಾರ ಬೆಳಿಗ್ಗೆ ಮೆಸೇಜ್ ಬಂತು: "ಸರ್, ಹೊಟ್ಟೆ. ಬರಲಾರೆ." ಅಯ್ಯೋ ದೇವರೇ! ಒಮಾನಿ ಮ್ಯಾನೇಜರ್ ನನ್ನ ಬೆನ್ನು ತಟ್ಟಿ, "ಯಲ್ಲಾ, ನಡೆಯಿರಿ, ನೀವೇ ಮಾತಾಡಿ" ಎಂದರು. 'ಗುಡ್ ಮಾರ್ನಿಂಗ್' ಸಲೀಸಾಗಿ ಬಂತು. ಆಮೇಲೆ ಪಂಪಿನ ಹೆಸರೇ ಮರೆತುಹೋಯಿತು. ಗಿರಾಕಿಯೊಬ್ಬರು ಕನಿಕರದಿಂದ ನೀರಿನ ಬಾಟಲಿಯನ್ನು ನನ್ನತ್ತ ತಳ್ಳಿದರು. ಕೊನೆಗೆ ಮ್ಯಾನೇಜರೇ ಎದ್ದು ಮಾತು ಮುಗಿಸಿದರು. ನಾಚಿಕೆಯಿಂದ ಭೂಮಿಗಿಳಿದುಹೋದೆ.

ಸಂಜೆ ಮನೆಗೆ ಬಂದವನೇ, "ಎಲ್ಲ ನಿನ್ನ ದೋಸೆಯಿಂದ!" ಎಂದು ರೇಗಿದೆ.

"ಹಾಕು, ಹಾಕು ಅಂದದ್ದು ಯಾರು? ನಾನಾ?" ಎಂದಳು. "ಪಾಪ, ಅವರಿಗೆ ಗಂಜಿ ಕಳಿಸಿ ಆಯ್ತು. ನೀವು ಮೊದಲು ತಿನ್ನಿ, ಮತ್ತೆ ಬೈಯುವಿರಂತೆ."

ನಿನ್ನೆಯ ಹಿಟ್ಟೂ ಗಸಿಯೂ ಉಳಿದಿದ್ದವು. ನಾಲ್ಕು ದೋಸೆಯಾದ ಮೇಲೆ "ಸಾಕು" ಎಂದೆ. ಇನ್ನೂ ಎರಡು ಬಿದ್ದವು. ಅವಳ ಮುಖ ನೋಡಿದೆ. ಚೆನ್‌ನ ಪುಸ್ತಕಕ್ಕೆ ಬೇಕಾದ ಉದಾಹರಣೆ ಆಗಲೇ ಹೊಳೆಯಿತು: ದೋಸೆ, ಸಿಟ್ಟು ಎರಡನ್ನೂ ಒಟ್ಟಿಗೇ ನುಂಗಿ, "ಗಸಿ ಚೆನ್ನಾಗಿದೆ" ಎಂದೆ.