ಮನೆಯಲ್ಲಿ ಮಂದಿ ನಿಲ್ಲಿಸಿದ ವೃತ್ತಾಂತ

ರಾಯಬಾಗ ಊರ ಹೊರಗಿನ ಸಮೃದ್ಧಿ ಕಾಲನಿಯಲ್ಲಿ ಎಲ್ಲ ಮನೆಗಳೂ ಕಟ್ಟಿ ಮುಗಿದಿದ್ದು, ಯಾವ ಮನೆಯಲ್ಲೂ ಅದರ ಮಾಲೀಕರು ವಾಸವಾಗಿಲ್ಲ ಎಂಬ ಸಂಗತಿಯನ್ನು ಮನೆ ಮಾಲೀಕರ ಸಂಘದ ಕಾರ್ಯದರ್ಶಿಯಾದ ನಾನು ಸಂತೋಷಪೂರ್ವಕವಾಗಿ ಸಾರ್ವಜನಿಕರ ಗಮನಕ್ಕೆ ತರುತ್ತಿದ್ದೇನೆ.

ಇದರಲ್ಲಿ ದೆವ್ವ ಭೂತದ ಕಾಟವೇನೂ ಇಲ್ಲ. ಮನೆಗಳು ಗಟ್ಟಿಯಾಗಿವೆ, ಬಣ್ಣ ಹೊಳೆಯುತ್ತಿದೆ, ಗೇಟಿನ ಮೇಲೆ ಮಾಲೀಕರ ಹೆಸರುಗಳಿವೆ. ಆದರೆ ಹೊಸ ಮನೆಗೆ ಮಾತ್ರ ರೇಟು, ಜನ ಹೊಕ್ಕ ಮನೆಗೆ ಇಲ್ಲ. ಈ ತತ್ವವನ್ನು ನಮಗೆ ತಿಳಿಸಿಕೊಟ್ಟವರು ಸಂಘದ ಅಧ್ಯಕ್ಷರಾದ ಭಾವುಸಾಹೇಬರು. ಅವರು ಮೊದಲು ಟ್ರ್ಯಾಕ್ಟರ್ ಮಾರುತ್ತಿದ್ದರು.

“ಶೋರೂಮಿನಾಗಿನ ಟ್ರ್ಯಾಕ್ಟರ ಹೊಲಕ್ಕ ಇಳೀತಂದ್ರ ಮುಗೀತ್ರಿ, ಅದು ಸೆಕೆಂಡ್ ಹ್ಯಾಂಡ,” ಎಂದು ಅವರು ಮೊದಲ ಸಭೆಯಲ್ಲೇ ಹೇಳಿದ್ದರು. “ಮನೀದೂ ಹಂಗ. ಒಳಗ ಒಮ್ಮೆ ಒಗ್ಗರಣಿ ಬಿತ್ತಂದ್ರ ರೇಟ ಹೋತು.”

ನಾವೆಲ್ಲ ಓದಿದವರು. ಶಿಕ್ಷಕರು, ಬ್ಯಾಂಕಿನವರು, ಸಕ್ಕರೆ ಕಾರ್ಖಾನೆಯವರು. ಆದ್ದರಿಂದ ಕೂಡಲೇ ಒಪ್ಪಿದೆವು.

ಪ್ರತಿ ರವಿವಾರ ಮಾಲೀಕರು ಕುಟುಂಬ ಸಮೇತ ಕಾಲನಿಗೆ ಬರುತ್ತೇವೆ. ಚಪ್ಪಲಿ ಗೇಟಿನಲ್ಲಿ ಬಿಟ್ಟು, ಟೈಲ್ಸಿನ ಮೇಲೆ ಹಾಸಿದ ಪೇಪರು ತುಳಿಯುತ್ತ ಒಂದೊಂದೇ ಕೋಣೆ ನೋಡಿ, ‘ಛಲೋ ಐತಿ’ ಎಂದು ನಮಗೆ ನಾವೇ ಹೇಳಿಕೊಂಡು ಹೊರಗೆ ಬರುತ್ತೇವೆ. ಆಮೇಲೆ ರಸ್ತೆಯಲ್ಲಿ ಚಾಪೆ ಹಾಸಿ ಬುತ್ತಿ ಬಿಚ್ಚುತ್ತೇವೆ. ಕಮೋಡಿನ ಪ್ಲಾಸ್ಟಿಕ್ ಕವರು ತೆಗೆಯುವಂತಿಲ್ಲವಾದ್ದರಿಂದ ಅವಸರ ಬಂದವರು ಪಕ್ಕದ ಕಬ್ಬಿನ ಹೊಲಕ್ಕೆ ಹೋಗುತ್ತಾರೆ. ಹೊಲದವನು ಒಮ್ಮೆ ಬಂದು, ಇಷ್ಟು ದೊಡ್ಡ ದೊಡ್ಡ ಮನಿ ಕಟ್ಟಿದವರು ನನ್ನ ಕಬ್ಬಿನಾಗ್ಯಾಕ ಕುಂಡ್ರತೀರಿ ಎಂದು ಬಾಯಿಗೆ ಬಂದಂತೆ ಬೈದ. ಅವನಿಗೆ ಆಸ್ತಿಯ ವಿಷಯದಲ್ಲಿ ತಿಳಿವಳಿಕೆ ಕಡಿಮೆ.

ಇನ್ನು ನನ್ನ ವಿಷಯ. ನನ್ನ ಹೆಸರು ಸಂಗ್ರಾಮ, ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಹೆಂಡತಿ ಉಜ್ವಲಾ ಆಸ್ಪತ್ರೆಯಲ್ಲಿ ನರ್ಸು. ನಮ್ಮ ಮನೆತನದಲ್ಲಿ ಸಿಮೆಂಟಿನ ಮನೆ ಕಟ್ಟಿದವರಲ್ಲಿ ನಾವೇ ಮೊದಲಿಗರು. ಅದರ ಅರ್ಧ ಗೋಡೆಗಳಲ್ಲಿ ಅವಳ ಸಂಬಳವೇ ಇದೆ, ಕಾಗದದಲ್ಲಿ ಮಾತ್ರ ನನ್ನ ಹೆಸರು. ಇಷ್ಟಿದ್ದೂ ನಾವು ಇರುವುದು ಊರೊಳಗಿನ ಹಿಟ್ಟಿನ ಗಿರಣಿಯ ಮೇಲಿನ ಬಾಡಿಗೆ ಕೋಣೆಯಲ್ಲಿ. ಗಿರಣಿ ಸುರುವಾದರೆ ಪಾತ್ರೆಗಳು ತಾವಾಗಿ ಸರಿದಾಡುತ್ತವೆ. ಸಂಜೆಯ ಹೊತ್ತಿಗೆ ನಮ್ಮಿಬ್ಬರ ತಲೆ ಹಿಟ್ಟಿನಿಂದ ಬೆಳ್ಳಗಾಗಿರುತ್ತದೆ. ಉಜ್ವಲಾಳಿಗೆ ಕೆಮ್ಮು ಹತ್ತಿತು. ಡಾಕ್ಟರು ಮನೆ ಬದಲಿಸಿರಿ ಎಂದರು. ನಾನು ಡಾಕ್ಟರನ್ನು ಬದಲಿಸಿದೆ.

ಉಜ್ವಲಾ ಕೇಳುತ್ತಿದ್ದುದು ಒಂದೇ ಮಾತು: ನಮ್ಮ ಮನೆಗೆ ಹೋಗಿ ಇರೋಣ. ಅದಾಗದಿದ್ದರೆ ಬುದ್ಧನ ಫೋಟೋ ತೂಗುಹಾಕಲು ಒಂದು ಮೊಳೆಯನ್ನಾದರೂ ಹೊಡೆಯಿರಿ.

“ಗ್ವಾಡಿಗೆ ತೂತು ಬೀಳತೈತಿ,” ಎಂದೆ.

“ಮತ್ತ ಗ್ವಾಡಿ ಯಾಕ ಕಟ್ಟಿಸೀರಿ?” ಎಂದಳು.

ಇದಕ್ಕೆ ನಾನೊಂದು ವ್ಯವಸ್ಥೆ ಮಾಡಿದೆ. ಪ್ರತಿ ರವಿವಾರ ಅವಳು ಮೇಣದಬತ್ತಿ ಹಚ್ಚಿ ವಂದನೆ ಮುಗಿಸುವವರೆಗೆ ನಾನು ಫೋಟೋವನ್ನು ಎರಡೂ ಕೈಯಿಂದ ಗೋಡೆಗೆ ಒತ್ತಿ ಹಿಡಿದು ನಿಲ್ಲುತ್ತಿದ್ದೆ. ಆಮೇಲೆ ಅದನ್ನು ಚೀಲದಲ್ಲಿಟ್ಟು ಗಿರಣಿಗೆ ವಾಪಸ್ ಒಯ್ಯುತ್ತಿದ್ದೆವು. ಹೀಗೆ ಬಹುಕಾಲ ನಾನು ಮೊಳೆಯಾಗಿ ಸೇವೆ ಸಲ್ಲಿಸಿದ್ದೇನೆ, ದೂರು ಬಂದಿಲ್ಲ.

ಎಲ್ಲ ಸುರಳೀತ ನಡೆದಿರುವಾಗ ನೀರಿನ ಪ್ರಶ್ನೆ ಎದ್ದಿತು. ಕಾಲನಿಗೆ ಪೈಪು ಹಾಕುವ ಮೊದಲು ಸ್ಥಳ ನೋಡಲು ಒಬ್ಬ ಇಂಜಿನಿಯರು ಬಂದರು. ಒಂದು ಸುತ್ತು ಹಾಕಿ, ಕೆಮ್ಮಿ, ತಮ್ಮ ಕೆಮ್ಮು ಖಾಲಿ ಮನೆಗಳಿಂದ ತಿರುಗಿ ಬಂದದ್ದನ್ನು ಕೇಳಿ, “ಇಲ್ಲಿ ಜನಾ ಎಲ್ಲಿ ಅದಾರ?” ಎಂದರು.

“ಜನಾ ಇಲ್ರಿ ಸಾಹೇಬ್ರ, ಮಾಲಕರು ಅದೀವಿ,” ಎಂದೆ.

“ಮಾಲಕರು ನೀರ ಕುಡಿಯೂದಿಲ್ಲೇನು?”

“ಕುಡೀತೀವ್ರಿ. ಬ್ಯಾರೇ ಕಡೆ.”

ಅವರು ಬೈಯಲಿಲ್ಲ. ಮುಂದಿನ ಸಲ ಬಂದಾಗ ಒಂದು ಮನೆಯಲ್ಲಾದರೂ ಒಲೆ ಉರಿಯುತ್ತಿರಬೇಕು, ಇಲ್ಲವಾದರೆ ಪೈಪು ಬೇರೆ ಕಡೆ ಹೋಗುತ್ತದೆ ಎಂದಷ್ಟೇ ಹೇಳಿ ಹೋದರು. ಸುದ್ದಿ ಹಬ್ಬಿತು. ನೀರಿಲ್ಲದ ಕಾಲನಿ ಎಂದು ನಿಪ್ಪಾಣಿಯ ದಲಾಲರು ಫೋನೆತ್ತುವುದನ್ನೇ ಬಿಟ್ಟರು. ಕುಡಚಿಯ ಗಿರಾಕಿಯೊಬ್ಬರು ಕೊಟ್ಟ ಮುಂಗಡ ವಾಪಸ್ ಕೇಳಿದರು.

ತುರ್ತು ಸಭೆಯನ್ನು ಎಂದಿನಂತೆ ರಸ್ತೆಯಲ್ಲಿ ಕರೆಯಲಾಯಿತು. ಕಾಲನಿಯ ಹಿತಕ್ಕಾಗಿ ಯಾರಾದರೂ ಮನೆಯೊಳಗೆ ವಾಸಿಸುವ ತ್ಯಾಗ ಮಾಡಬೇಕೆಂದು ಅಧ್ಯಕ್ಷರು ಗದ್ಗದಿತರಾಗಿ ಕೇಳಿಕೊಂಡರು. ಎಲ್ಲರೂ ನೆಲ ನೋಡಿದರು. ಉಜ್ವಲಾ ಎದ್ದು ನಿಂತಳು.

“ನಾ ಇರತೀನ್ರಿ. ನಾಳಿಂದನ ಇರತೀನಿ.”

ಒಂದಿಬ್ಬರು ಚಪ್ಪಾಳೆಗೆ ಕೈ ಎತ್ತಿದ್ದರು. ಭಾವುಸಾಹೇಬರು ತಡೆದರು.

“ವೈನಿ, ನಿಮ್ಮ ಮನಸ ದೊಡ್ಡದು ಖರೆ. ಆದ್ರ ಮಾಲಕರ ಮನಿಯವರು ತಮ್ಮ ಮನ್ಯಾಗ ತಾವ ಹೋಗಿ ಕುಂತ್ರ ಮಂದಿ ಏನಂತಾರ? ಗಿರಾಕಿ ಸಿಗಲಿಲ್ಲ, ಅದಕ್ಕ ಪಾಪ ಒಳಗ ಹೊಕ್ಕಾರ ಅಂತಾರ. ಇಡೀ ಕಾಲನಿ ಹೆಸರ ಕೆಡತೈತ್ರಿ.”

ಉಜ್ವಲಾ ನನ್ನ ಕಡೆ ನೋಡಿದಳು. ನಾನು ಗಂಡನಾಗಿ ಎರಡು ಮಾತಾಡಬೇಕಿತ್ತು. ಕಾರ್ಯದರ್ಶಿಯಾಗಿ ಠರಾವು ಬರೆದೆ. ನಾಚಿಕೆಯಾಗುತ್ತಿತ್ತು, ಆದರೂ ಅಕ್ಷರಗಳು ದುಂಡಗೆ ಬಂದವು.

‘ಕಾಲನಿಯಲ್ಲಿ ವಾಸವು ಅನಿವಾರ್ಯವಾದಲ್ಲಿ ಅದನ್ನು ಮಾಲೀಕರಲ್ಲದವರಿಂದ ಮಾಡಿಸತಕ್ಕದ್ದು. ಮಾಲೀಕರು ಹೊರಗಿನಿಂದ ಸಹಕರಿಸತಕ್ಕದ್ದು.’

ಆ ದಿನಗಳಲ್ಲಿ ತೆಲಸಂಗದ ಕಡೆಯಿಂದ ಬಂದ ಮಾಯಪ್ಪ ಮತ್ತು ಅವನ ಹೆಂಡತಿ ತಾರವ್ವ ಪಕ್ಕದ ಕಟಾವಾದ ಹೊಲದಲ್ಲಿ ಕುರಿಹಿಂಡಿನೊಂದಿಗೆ ಬೀಡುಬಿಟ್ಟಿದ್ದರು. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ಹಿಕ್ಕೆಯ ಗೊಬ್ಬರ ಬೀಳುತ್ತದೆ, ಅದಕ್ಕೆ ಹೊಲದವರು ಕುರುಬರಿಗೆ ಜೋಳ ಅಳೆದು ಕೊಡುತ್ತಾರೆ. ಇದು ನಮ್ಮ ಕಡೆಯ ಪದ್ಧತಿ. ಸಂಘದ ನಿಯೋಗ ಅವರ ಬಳಿ ಹೋಗಿ, ಹೊಸ ಮನೆಯಲ್ಲಿ ಪುಕ್ಕಟೆ ಇರಬಹುದೆಂಬ ಸಂತೋಷದ ಸುದ್ದಿ ತಿಳಿಸಿತು.

ಮಾಯಪ್ಪ ಎಲೆ ಅಡಿಕೆ ಜಗಿಯುತ್ತ ಕೇಳಿಸಿಕೊಂಡ. “ಹೊಲದಾಗ ಕುರಿ ನಿಂದ್ರಿಸಿದ್ರ ಹೊಲಕ್ಕ ಫಾಯಿದೆ, ಹೌದಲ್ರಿ?”

“ಹೌದು.”

“ಮನ್ಯಾಗ ನಾವು ನಿಂತ್ರ ಮನಿಗೆ ಫಾಯಿದೆ?”

“ಹೌದು.”

“ಹಂಗಾರ ಜ್ವಾಳಾ ಯಾರ ಕೊಡತೀರಿ?”

ನಿಯೋಗದಲ್ಲಿ ಇಬ್ಬರು ವಾಣಿಜ್ಯ ಪದವೀಧರರಿದ್ದರು. ಈ ಲೆಕ್ಕದಲ್ಲಿ ಯಾವ ತಪ್ಪೂ ಕಾಣಲಿಲ್ಲ. ವಾಸಿಸುವವರಿಗೆ ಸಂಘದಿಂದ ಜೋಳ ಅಳೆದು ಕೊಡುವುದೆಂದು ತೀರ್ಮಾನವಾಯಿತು.

ಯಾರ ಮನೆಯಲ್ಲಿ ನಿಲ್ಲಿಸುವುದು ಎಂಬುದೇ ಕಗ್ಗಂಟಾಯಿತು. ಒಬ್ಬರದು ಇಟಾಲಿಯನ್ ಟೈಲ್ಸು, ಇನ್ನೊಬ್ಬರದು ಮಗಳಿಗೆ ಕೊಡಬೇಕಾದ ಮನೆ. ಉಜ್ವಲಾ ಯಾರನ್ನೂ ಕೇಳದೆ ನಮ್ಮ ಮನೆಯ ಕೀಲಿಕೈಯನ್ನು ತಾರವ್ವನ ಕೈಗಿಟ್ಟಳು. ವಾಪಸ್ ಇಸಿದುಕೊಳ್ಳಲು ನಾನು ಕೈ ಚಾಚಿದೆ. ಎಲ್ಲರೂ ಕಾರ್ಯದರ್ಶಿಯ ತ್ಯಾಗವನ್ನು ಕೊಂಡಾಡಿದ್ದರಿಂದ ಅದೇ ಕೈ ಮುಗಿದೆ.

ಮಾಯಪ್ಪ ಒಳಗೆ ಹೋದವನೇ ಕಂಬಳಿ ತೂಗುಹಾಕಲು ಕಲ್ಲಿನಿಂದ ಗೋಡೆಗೆ ಎರಡು ಮೊಳೆ ಬಡಿದ. ಮುಂದಿನ ರವಿವಾರ ಉಜ್ವಲಾ ಅದರಲ್ಲೊಂದಕ್ಕೆ ಫೋಟೋ ಸಿಕ್ಕಿಸಿದಳು. ವಂದನೆ ಮುಗಿಯುವವರೆಗೆ ನನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಠರಾವಿನಂತೆ ಕಿಡಕಿಯ ಹೊರಗೆ ಕೈಕಟ್ಟಿಕೊಂಡು ನಿಂತಿದ್ದೆ.

ಇಂಜಿನಿಯರು ಮತ್ತೆ ಬಂದರು. ಒಲೆ ಉರಿಯುತ್ತಿತ್ತು. ತಾರವ್ವ ಅವರಿಗೆ ಮಜ್ಜಿಗೆ ಕೊಟ್ಟಳು. ಬಿಸಿಲಲ್ಲಿ ಗೇಟಿಗೆ ಆತುಕೊಂಡು ನಿಂತಿದ್ದ ನಮ್ಮನ್ನು ನೋಡಿ, ಇವರೆಲ್ಲ ಯಾರು ಎಂದು ಅವರು ಕೇಳಿದರು.

“ಮಾಲಕರ್ರಿ ಯಪ್ಪಾ,” ಎಂದಳು ತಾರವ್ವ. “ಪಾಪ, ಇರಾಕ ಮನಿ ಇಲ್ಲ ಅವರಿಗೆ.”

ಅವಳ ದನಿಯಲ್ಲಿ ನಿಜವಾದ ಮರುಕವಿತ್ತು. ನಮ್ಮಲ್ಲಿ ಒಬ್ಬರು ಕಣ್ಣೊರೆಸಿಕೊಂಡರು.

ನೀರು ಬಂತು. ರೇಟು ಏರಿತು. ನಿಪ್ಪಾಣಿಯ ದಲಾಲರು ತಾವಾಗಿಯೇ ಫೋನು ಮಾಡಿ ಆರೋಗ್ಯ ವಿಚಾರಿಸತೊಡಗಿದರು. ಅಷ್ಟರಲ್ಲಿ ಸುತ್ತಲಿನ ಮೇವು ಮುಗಿಯಿತು, ಕುರಿ ಮುಂದೆ ಹೊಡೆಯಬೇಕು ಎಂದು ಮಾಯಪ್ಪ ಕಂಬಳಿ ಹೆಗಲಿಗೇರಿಸಿದ. ವಾಸ ನಿಂತರೆ ನೀರು ನಿಲ್ಲುತ್ತದೆ. ಸಂಘ ಓಡಿಹೋಗಿ ಅವನ ಎದುರು ಕೈಮುಗಿಯಿತು. ಮಾಯಪ್ಪ ಹಿಂಡಿನೊಂದಿಗೆ ಹೋಗುವುದು, ತಾರವ್ವ ವಾಸಕ್ಕೆ ಉಳಿಯುವುದು ಎಂದು ಅವನನ್ನು ಒಪ್ಪಿಸಿದ್ದಾಯಿತು.

“ಒಬ್ಬಾಕಿನ ನಾ ಇರಾಂಗಿಲ್ಲ,” ಎಂದಳು ತಾರವ್ವ. “ನಾಕ ಗ್ವಾಡಿ ನಡಬರಕ ನನಗ ನಿದ್ದಿ ಬರಂಗಿಲ್ಲ. ಉಜ್ವಲಕ್ಕ ಜೋಡಿಗಿದ್ರ ಇರತೀನಿ.”

ಮತ್ತೆ ತುರ್ತು ಸಭೆ. ಉಜ್ವಲಾ ಮಾಲೀಕರ ಕಡೆಯವಳಾದ್ದರಿಂದ ವಾಸಿಸುವಂತಿಲ್ಲ. ಆದರೆ ವಾಸಿಸುವವರ ಮನೆಗೆ ಪಾವಣೇರು, ಅಂದರೆ ಅತಿಥಿಗಳು, ಬರಬಾರದೆಂದು ನನ್ನ ಠರಾವಿನಲ್ಲಿ ಎಲ್ಲೂ ಇರಲಿಲ್ಲ.

“ಪಾವಣಿತಿ ಅಂತ ಇರಲಿ ಬಿಡ್ರಿ,” ಎಂದರು ಭಾವುಸಾಹೇಬರು. “ಮನಿ ಹೆಂಗೂ ವೈನಿ ಹೆಸರಿಲೆ ಇಲ್ಲ.”

“ಮತ್ತ ಇವರು?” ಎಂದು ಉಜ್ವಲಾ ನನ್ನನ್ನು ತೋರಿಸಿದಳು.

“ಸೆಕ್ರೆಟರಿಯವರ ಹೆಸರ ಕಾಗದದಾಗ ಐತಲ್ರಿ. ಅವರು ಹೆಂಗ ಬರತಾರ?”

ಉಜ್ವಲಾ ಅಂದೇ ತನ್ನ ಟ್ರಂಕು ಹೊತ್ತುಕೊಂಡು ಹೋದಳು. ನಮ್ಮದೇ ಮನೆಯಲ್ಲಿ ಅವಳು ತಾರವ್ವನ ಪಾವಣಿತಿಯಾದಳು. ಕಮೋಡಿನ ಪ್ಲಾಸ್ಟಿಕ್ಕನ್ನು ಕಿತ್ತೊಗೆದಳೆಂಬ ಸುದ್ದಿ ಬಂತು. ನಾನು ಗಿರಣಿಯ ಮೇಲೆ ಒಬ್ಬನೇ ಉಳಿದೆ.

ಇದನ್ನು ನೋಡಿದ ಉಳಿದ ಹೆಣ್ಣುಮಕ್ಕಳೆಲ್ಲ ತಮಗೂ ಪಾವಣಿತನ ಬೇಕೆಂದು ಹಟ ಹಿಡಿದರು. ಪಾವಣೇರಾಗಬೇಕಾದರೆ ಮೊದಲು ಮನೆಯಲ್ಲಿ ವಾಸಿಸುವವರು ಬೇಕು. ಹೀಗಾಗಿ ವಾಸಿಸುವವರ ಬೇಡಿಕೆ ಒಮ್ಮೆಲೇ ಏರಿತು. ಭಾವುಸಾಹೇಬರು ದೂರದೃಷ್ಟಿಯುಳ್ಳವರು. ಯಾರಿಗೂ ಹೇಳದೆ ಅಥಣಿಯ ಕಡೆ ಹೋಗಿ, ಸಿಕ್ಕ ಕುರುಬರ ಕುಟುಂಬಗಳಿಗೆಲ್ಲ ಮುಂಗಡ ಜೋಳ ಕೊಟ್ಟು ಕರೆತಂದು, ಕಾಲನಿಯ ಪಕ್ಕದ ಬಯಲಲ್ಲಿ ಕೂಡಿಸಿದರು. ಯಾವ ಮನೆಗೂ ಬಿಡಲಿಲ್ಲ.

“ಸಾಹೇಬ್ರ, ಮನಿ ಖಾಲಿ ಅದಾವು, ಮಂದಿ ಬಯಲಾಗ ಕುಂತಾರ,” ಎಂದೆ.

“ಈಗ ಬಿಟ್ರ ಹೆಂಗ್ರಿ? ಒಮ್ಮೆ ಒಂದ ಮನ್ಯಾಗ ಇದ್ರಂದ್ರ ಅವರೂ ಸೆಕೆಂಡ್ ಹ್ಯಾಂಡ. ತಡೀರಿ, ದೀಪಾವಳಿಗೆ ಇವರ ರೇಟ ಇನ್ನೂ ಏರತೈತಿ.”

ನನಗೆ ಇದು ಸರಿ ಎನಿಸಿತು. ಎಲ್ಲರಿಗೂ ಸರಿ ಎನಿಸಿತು. ನಾನೂ ಸಾಲ ಮಾಡಿ ಒಂದು ಕುಟುಂಬವನ್ನು ಕಾಯ್ದಿರಿಸಿದ್ದೇನೆ. ಅವರು ಬೇವಿನ ಗಿಡದ ಕೆಳಗೆ ಆರಾಮಾಗಿದ್ದಾರೆ, ಕೆಲವೊಮ್ಮೆ ನನ್ನನ್ನು ಊಟಕ್ಕೆ ಕರೆಯುತ್ತಾರೆ.

ಮೊನ್ನೆ ರವಿವಾರ ಸಂಜೆ ಕಾಲನಿಯಿಂದ ಹೊರಡುವ ಮುಂಚೆ ನಮ್ಮ ಮನೆಯ ಮೆಟ್ಟಿಲ ಹತ್ತಿರ ನಿಂತಿದ್ದೆ. ಒಳಗೆ ತಾರವ್ವ ರೊಟ್ಟಿ ಬಡಿಯುವ ಸದ್ದು. ಉಜ್ವಲಾ ಬಾಗಿಲಿಗೆ ಬಂದಳು. ಅವಳ ಕೂದಲು ಕಪ್ಪಾಗಿತ್ತು. ಎಷ್ಟೋ ಹೊತ್ತು ಮಾತಾಡಿದಳು, ಒಮ್ಮೆಯೂ ಕೆಮ್ಮಲಿಲ್ಲ.

“ಒಳಗ ಬರ್ರಿ,” ಎಂದಳು. “ಊಟಾ ಮಾಡಿ ಇಲ್ಲೇ ಮಲಕೋರಿ. ಯಾರೂ ಏನೂ ಅನ್ನೂದಿಲ್ಲ.”

ನನಗೆ ಬಹಳ ಆಸೆಯಾಯಿತು. ಇದನ್ನು ಕಾರ್ಯದರ್ಶಿಯಾಗಿ ಹೇಳುತ್ತಿಲ್ಲ. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ದೆ ಕೂಡ.

“ಬರಾಕ ಬರಂಗಿಲ್ಲ ಉಜ್ವಲಾ,” ಎಂದೆ. “ನಾ ಮಾಲಕ ಅದೀನಿ.”

ಅವಳು ಸಿಟ್ಟಾಗಲಿಲ್ಲ. ನನ್ನನ್ನು, ಪರ ಊರಿಂದ ವಿಳಾಸ ತಪ್ಪಿ ಬಂದವರನ್ನು ನೋಡುವ ಹಾಗೆ ನೋಡಿದಳು. “ಆತು. ಸಾವಕಾಶ ಹೋಗ್ರಿ,” ಎಂದು ಬಾಗಿಲು ಮುಂದೆ ಮಾಡಿಕೊಂಡಳು. ಒಳಗಿನಿಂದ ಚಿಲಕ ಬಿತ್ತು. ಸಮೃದ್ಧಿ ಕಾಲನಿಯಲ್ಲಿ ಒಳಗಿನಿಂದ ಚಿಲಕ ಬಿದ್ದ ಮನೆ ನಮ್ಮದೊಂದೇ.

ರಸ್ತೆಯಲ್ಲಿ ಮೋಟಾರ್ ಸೈಕಲ್ ಸುರು ಮಾಡುತ್ತಿದ್ದ ಮಾಲೀಕರೆಲ್ಲ ಆ ಸದ್ದಿಗೆ ತಲೆದೂಗಿದರು.

“ಚಿಲಕ ಗಟ್ಟಿ ಐತಿ ನೋಡ್ರಿ,” ಎಂದರು ಭಾವುಸಾಹೇಬರು. “ಛಲೋ ರೇಟ ಬರತೈತಿ.”

“ಹೌದ್ರಿ,” ಎಂದೆ.