ಸಿಮೆಂಟು ಬೆಟ್ಟ, ಬೋರ್‌ವೆಲ್ ಜಲಪಾತ

ನಮ್ಮ ಅಕ್ಕ ಓದಿದ್ದು ಏಳನೆಯ ಕ್ಲಾಸು. ಅವರಪ್ಪ ಇನ್ನಷ್ಟು ಓದಿಸಿ ಕರಿಕೋಟು ಹಾಕಿಸಿದ್ದರೆ ಈ ಊರಿನ ಜೈಲುಗಳಲ್ಲಿ ಇವತ್ತು ಸೊಳ್ಳೆಗಳನ್ನು ಬಿಟ್ಟು ಯಾರೂ ಇರುತ್ತಿರಲಿಲ್ಲ! ಅಕ್ಕ ಎಂದರೆ ಒಡಹುಟ್ಟಿದ ಅಕ್ಕ ಅಲ್ಲ. ನನ್ನ ಓರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ವಿಜಯನಗರದ ಮನೆಯಲ್ಲಿ ಅವರು ಮೇಲೆ, ನಾವು ಕೆಳಗೆ. ನಾವು ಎಂದೆನಲ್ಲ, ಅದು ಅಭ್ಯಾಸ. ಹೋದ ಚಳಿಗಾಲದಿಂದ ಕೆಳಗೆ ಇರುವುದು ನಾನೊಬ್ಬಳೇ.

ಯಜಮಾನರ ತಿಥಿಯ ಊಟ ಮುಗಿದ ಮೇಲೆ ಲಗ್ಗೆರೆಯಿಂದ ಬಂದಿದ್ದ ಅವರ ಸೋದರತ್ತೆ ನನ್ನನ್ನು ಕೂರಿಸಿಕೊಂಡು ಅಪ್ಪಣೆ ಮಾಡಿದರು. “ವರ್ಷ ತುಂಬೋವರ್ಗೂ ಬೆಟ್ಟ ಹತ್ಬಾರ್ದು. ಹೊಳೆ, ತೀರ್ಥ ಅಂತ ಹೋಗ್ಬಾರ್ದು. ದೇವಸ್ಥಾನದ ಮೆಟ್ಟಿಲು ತುಳೀಬಾರ್ದು. ತಿಳೀತಾ?”

ನಾನೋ ಹುಟ್ಟಾ ಪುಕ್ಕಲಿ. ಅವರು ಹೇಳಿದ್ದರ ಮೇಲೆ ನನ್ನವೂ ಒಂದಷ್ಟು ಸೇರಿಸಿಕೊಂಡೆ. ತರಕಾರಿ ಅಂಗಡಿಯ ಪಕ್ಕ ಗಣೇಶನ ಗುಡಿ, ಅದಕ್ಕೆ ಅಂಗಡಿಗೂ ಹೋಗಬಾರದು. ಟೆರೇಸು ಎತ್ತರದಲ್ಲಿದೆ, ಅದು ಬೆಟ್ಟದ ಲೆಕ್ಕಕ್ಕೆ ಬಂದುಬಿಟ್ಟರೆ? ಬಟ್ಟೆಯನ್ನು ರೂಮಿನಲ್ಲೇ ಒಣಗಿಸಿದೆ. ಒಂದು ತಿಂಗಳಿಗೆ ಬಟ್ಟೆಗೂ ನನಗೂ ಒಂದೇ ಮುಗ್ಗಲು ವಾಸನೆ.

ಹೋಗಲಿ, ಒಳಗೇ ಕೂತು ನೆಮ್ಮದಿಯಾಗಿ ಅತ್ತೆನೇ? ಅದೂ ಇಲ್ಲ. ನಮ್ಮ ಬೀದಿಯಲ್ಲಿ ಮನೆಗಳು ಎಷ್ಟು ಒತ್ತೊತ್ತಾಗಿವೆ ಎಂದರೆ, ಇಲ್ಲಿ ಸೀನಿದರೆ ಗೋಡೆಯಾಚೆಯಿಂದ “ಚಿರಂಜೀವಿ” ಎನ್ನುತ್ತಾರೆ. ಮೊದಲ ಸಲ ಅತ್ತಾಗ ಎಡಮನೆಯಿಂದ ಕಾಫಿ ಬಂತು, ಬಲಮನೆಯಿಂದ ಬಿಸಿ ಉಪ್ಪಿಟ್ಟು ಬಂತು, ಎದುರುಮನೆಯಿಂದ ಬಿಪಿ ನೋಡುವ ಯಂತ್ರವೇ ಬಂತು! ಒಳ್ಳೆಯ ಜನ. ಆದರೆ ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದು ಯಾರಿಗಾದರೂ ಅಳಲು ಬರುತ್ತದೆಯೇ?

ಆಗ ನನ್ನ ಬುದ್ಧಿ ಓಡಿತು. ಮಿಕ್ಸಿ ಹಾಕಿದೆ. ಅದರ ಗಿರ್ರೆನ್ನುವ ಸದ್ದಿನಲ್ಲಿ ಅಳಬಹುದು, ಬೀದಿಗೆ ಕೇಳುವುದಿಲ್ಲ. ತೊಂದರೆ ಒಂದೇ. ಸುಮ್ಮನೆ ಮಿಕ್ಸಿ ತಿರುಗಿಸಿದರೆ ಸುಟ್ಟುಹೋಗುತ್ತದೆ, ಒಳಗೆ ಏನಾದರೂ ಹಾಕಲೇಬೇಕು. ಹುರಿಗಡಲೆ ಹಾಕಿದೆ, ಕಡಲೆಬೀಜ ಹಾಕಿದೆ, ಹುಚ್ಚೆಳ್ಳು ಹಾಕಿದೆ. ಕಣ್ಣೀರು ಎರಡು ಹನಿ, ಚಟ್ನಿಪುಡಿ ಎರಡು ಡಬ್ಬ! ಇದು ಸಾಲದೆಂಬಂತೆ ಮೇಲಿನಿಂದ ಅಕ್ಕನೂ ಬಟ್ಟಲು ಬಟ್ಟಲು ಚಟ್ನಿ ಕಳಿಸುತ್ತಿದ್ದರು. ಭಾವನಿಗೆ ಖಾರ ಕಂಡರೆ ಆಗದು. ಮತ್ತೆ ಯಾಕೆ ರುಬ್ಬುತ್ತಾರೋ ಎಂದುಕೊಂಡು ಫ್ರಿಜ್ಜಿನಲ್ಲಿ ಜಾಗ ಮಾಡುತ್ತಿದ್ದೆ.

ಒಂದು ದಿನ ಅಕ್ಕ ಕೆಳಗಿಳಿದು ಬಂದು ಫ್ರಿಜ್ಜು ತೆಗೆದರು. ಒಳಗೆ ನೋಡಿದರು. ನನ್ನನ್ನು ನೋಡಿದರು.

“ಒಬ್ಳಿಗೆ ಇಷ್ಟು ಚಟ್ನಿ ಯಾಕೇ?”

“ಕೆಡಲ್ಲ ಅಕ್ಕ, ಇರುತ್ತೆ.”

“ಚಟ್ನಿ ಕೆಡಲ್ಲ, ನೀನು ಕೆಡ್ತೀಯ. ಸೀರೆ ಉಟ್ಕೊ, ದೊಡ್ಡ ಆಲದ ಮರ ನೋಡ್ಕೊಂಡು ಬರೋಣ.”

“ಅಕ್ಕ, ಅತ್ತೆ ಹೇಳಿದಾರೆ…”

“ಮರ ಹತ್ಬೇಡ ಅಂದ್ರಾ? ಇಲ್ವಲ್ಲ! ಪ್ರಯಾಣ ಮಾಡ್ಬೇಡ ಅಂದ್ರಾ? ಬಸ್ಸು ಹೆಂಗಸ್ರಿಗೆ ಫ್ರೀ. ಕಾಸು ಕೊಡ್ದೆ ಹೋದ್ರೆ ಅದು ಪ್ರಯಾಣ ಹೆಂಗಾಗುತ್ತೆ?”

ಹೇಳಿದೆನಲ್ಲ, ಜೈಲುಗಳು ಖಾಲಿಯಾಗುತ್ತಿದ್ದವು ಎಂದು!

ಮೈಸೂರು ರಸ್ತೆಯಲ್ಲಿ ಗಾಳಿ ಆಂಜನೇಯನ ಗುಡಿಯ ಮುಂದೆಯೇ ಬಸ್ಸು ನಿಂತುಬಿಟ್ಟಿತು. ನಾನು ಗಾಬರಿಯಾಗಿ ಕಣ್ಣು ಮುಚ್ಚಿಕೊಂಡೆ. “ಕಣ್ಣು ಬಿಡೇ,” ಎಂದರು ಅಕ್ಕ. “ಬಸ್ಸಲ್ಲಿ ಕೂತು ನೋಡಿದ್ರೆ ಅದು ದರ್ಶನ ಅಲ್ಲ, ಟ್ರಾಫಿಕ್ಕು.” ಆ ಟ್ರಾಫಿಕ್ಕು ಎಷ್ಟು ಹೊತ್ತು ಇತ್ತೆಂದರೆ, ಆಂಜನೇಯನೇ ನಮ್ಮನ್ನು ಕಣ್ತುಂಬ ನೋಡಿಕೊಂಡಿರಬೇಕು.

ಕೆಂಗೇರಿ ದಾಟಿ ಆಲದ ಮರ ತಲುಪಿದೆವು. ನೂರಾರು ವರ್ಷದ ಮರ. ಮೂಲ ಕಾಂಡ ಎಂದೋ ರೋಗ ಬಂದು ಸತ್ತುಹೋಗಿದೆ. ಸುತ್ತ ಬಿಳಲುಗಳೇ ಇಳಿದು ಕಾಂಡಗಳಾಗಿ ತೋಪಿನಂತೆ ನಿಂತಿವೆ. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದರು. “ನೋಡು, ಯಜಮಾನ ಇಲ್ಲ. ಸಂಸಾರ ಹೆಂಗೆ ನಿಂತೈತೆ!”

ಇದೋ ಬಂತು ಅಳು ಎನ್ನುವಷ್ಟರಲ್ಲಿ ಹಿಂದಿನಿಂದ ಯಾರೋ ಹುಡುಗಿ, “ಆಂಟಿ, ಸ್ವಲ್ಪ ಸೈಡಿಗೆ ಬರ್ತೀರಾ? ಫೋಟೋದಲ್ಲಿ ನೀವೇ ಬರ್ತಿದೀರ” ಎಂದಳು. ಬಂದ ಅಳು ಸೈಡಿಗೆ ಹೋಯಿತು. ಬುತ್ತಿ ಬಿಚ್ಚಿದರೆ ಕೋತಿಯೊಂದು ಚಟ್ನಿಯ ಡಬ್ಬಿಯನ್ನೇ ಕಿತ್ತುಕೊಂಡು ಹೋಗಿ, ಕೊಂಬೆಯ ಮೇಲೆ ಕೂತು ನೆಕ್ಕಿ ನೋಡಿ, ನಮ್ಮ ಕಡೆಗೇ ಎಸೆಯಿತು. ಕೋತಿಯೂ ಬೇಡ ಎಂದ ಚಟ್ನಿ!

ಮುಂದಿನ ವಾರ ಅಕ್ಕ ಮತ್ತೆ ಇಳಿದು ಬಂದರು. “ಇವತ್ತು ಜಲಪಾತ.”

ನಾನು ಬಾಗಿಲು ಹಿಡಿದುಕೊಂಡೆ. ಬೆಟ್ಟ, ನೀರು, ಎರಡೂ ಒಟ್ಟಿಗೆ! ರಾಜಾಜಿನಗರದ ಆಚೆ ಒಂದು ಪಾರ್ಕಿದೆ. ಅಲ್ಲಿ ಸಂಜೆ ಹೊತ್ತು ಮೋಟರ್ ಹಾಕಿ ಬಂಡೆಗಳ ಮೇಲಿಂದ ನೀರು ಬೀಳಿಸುತ್ತಾರೆ.

“ಅದು ಬೆಟ್ಟ ಏನೇ? ಸಿಮೆಂಟು! ಅದು ಹೊಳೆ ಏನೇ? ಬೋರ್‌ವೆಲ್ಲು! ಹೊಳೆಗೆಲ್ಲಾದ್ರೂ ಸ್ವಿಚ್ಚು ಇರುತ್ತಾ?”

ನಾವು ಹೋಗುವ ಹೊತ್ತಿಗೆ ನೀರು ಧೋ ಎಂದು ಬೀಳುತ್ತಿತ್ತು. ಸಿಮೆಂಟಿನ ಬೆಟ್ಟವಾದರೂ ಸದ್ದು ಮಾತ್ರ ಅಸಲಿ. ಅಕ್ಕ ದೂರದ ಬೆಂಚುಗಳನ್ನೆಲ್ಲ ಬಿಟ್ಟು, ಎರಚಲು ಹೊಡೆಯುವ ಕಟ್ಟೆಯ ಮೇಲೇ ನನ್ನನ್ನು ಕೂರಿಸಿದರು. ಅದೇ ಹೊತ್ತಿಗೆ ಸರಿಯಾಗಿ ಲಗ್ಗೆರೆ ಅತ್ತೆಯ ಫೋನು! ಕಟ್ ಮಾಡಲು ಹೊರಟೆ. ಅಕ್ಕ ಕಿತ್ತುಕೊಂಡು ಸ್ಪೀಕರ್ ಒತ್ತಿದರು.

“ಏನೇ ಅದು, ಅಷ್ಟು ಸದ್ದು?”

“ಕಾವೇರಿ ನೀರು ಬಿಟ್ಟಿದಾರೆ ಅತ್ತೆ. ಇವತ್ತು ಜೋರಾಗಿ ಬರ್ತೈತೆ!”

“ಅಯ್ಯೋ, ನಮ್ಮ ಕಡೆ ಬಂದೇ ಇಲ್ವಲ್ಲೇ! ಬಿಂದಿಗೆ ಇಡ್ರೇ, ಹಿಡ್ಕೊಳ್ರೇ! ಆಮೇಲೆ ಮಾತಾಡೋಣ!” ಎಂದು ಅತ್ತೆ ಫೋನು ಇಟ್ಟರು.

ನಕ್ಕೆ. ಎಷ್ಟೋ ತಿಂಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಇದನ್ನು ಮನೆಗೆ ಹೋಗಿ ಯಜಮಾನರಿಗೆ ಹೇಳಬೇಕು ಎಂದುಕೊಂಡೆ. ಯಾರಿಗೆ? ನಗು ಅಲ್ಲೇ ನಿಂತಿತು.

ಅಕ್ಕ ನನ್ನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದರು. “ಅಳು ಕಣೇ. ಯಾರಿಗೂ ಕೇಳ್ಸಲ್ಲ. ಮಿಕ್ಸಿಗಿಂತ ದೊಡ್ಡದು. ಚಟ್ನಿನೂ ಮಿಗಲ್ಲ.”

ಅತ್ತುಬಿಟ್ಟೆ. ಬಾಯಿ ತೆರೆದು, ಅವರ ಹೆಸರು ಹಿಡಿದು, ಇಪ್ಪತ್ತು ಮಿಕ್ಸಿಗಳು ಒಟ್ಟಿಗೆ ತಿರುಗಿದ ಹಾಗೆ ಅತ್ತೆ.

ಆಗ ಕರೆಂಟು ಹೋಯಿತು!

ಜಲಪಾತ ತೊಟ್ಟಿಕ್ಕಿ ನಿಂತಿತು. ನನಗೆ ಹಾಗೆ ನಿಲ್ಲುವ ಅನುಕೂಲ ಇರಲಿಲ್ಲ. ಇಡೀ ಪಾರ್ಕಿನಲ್ಲಿ ಈಗ ನನ್ನದೊಂದೇ ಸದ್ದು. ವಾಕಿಂಗಿನವರು ನಿಂತರು. ಗೇಟಿನ ಚುರುಮುರಿಯವನ ಕೈ ನಿಂತಿತು. ವಾಚ್‌ಮನ್ ಓಡಿಬಂದರು.

“ಅಯ್ಯೋ, ಅಳ್ಬೇಡಿ ಆಂಟಿ! ಕರೆಂಟ್ ಹೋಗೈತೆ ಅಷ್ಟೇ. ಬಂದ ತಕ್ಷಣ ಹಾಕ್ತೀನಿ. ಪಾಪ, ಎಷ್ಟು ದೂರದಿಂದ ನೋಡೋಕೆ ಬಂದಿದ್ರೋ!”

“ವಿಜಯನಗರದಿಂದ,” ಎಂದರು ಅಕ್ಕ.

“ಅಷ್ಟೇನಾ!”

“ಅವಳಿನ್ನೂ ಸರಿಯಾಗಿ ನೋಡೇ ಇಲ್ಲ ಕಣಪ್ಪ. ಇವತ್ತು ಸ್ವಲ್ಪ ಜಾಸ್ತಿ ಹೊತ್ತು ಬಿಡು.”

ವಾಚ್‌ಮನ್ ಮೋಟರ್ ರೂಮಿನ ಬಾಗಿಲಲ್ಲೇ ಕಾದು ನಿಂತರು. ಕರೆಂಟು ಬಂತು. ಮೋಟರ್ ಗುರುಗುಟ್ಟಿತು, ನೀರು ಮತ್ತೆ ಧೋ ಎಂದಿತು.

“ಬಂತು ನೋಡಿ,” ಎನ್ನಲು ಅಕ್ಕನ ಕಡೆ ತಿರುಗಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು, ಹೆಗಲು ಅಲುಗುತ್ತಿತ್ತು. ಅವರು ಈ ಮನೆಗೆ ಸೊಸೆಯಾಗಿ ಬಂದಾಗ ನಮ್ಮ ಯಜಮಾನರು ಇನ್ನೂ ಚಡ್ಡಿ ಹಾಕುವ ಹುಡುಗ. ತಲೆ ಬಾಚಿ ಸ್ಕೂಲಿಗೆ ಕಳಿಸುತ್ತಿದ್ದವರು ಅಕ್ಕನೇ.

ಮೇಲಿನ ಮನೆಯಿಂದ ಅಷ್ಟೊಂದು ಚಟ್ನಿ ಯಾಕೆ ಇಳಿದು ಬರುತ್ತಿತ್ತು ಎಂದು ನನಗೆ ಆಗ ಗೊತ್ತಾಯಿತು. ಸರಿದು ಅವರಿಗೆ ಒತ್ತಿಕೊಂಡು ಕೂತೆ. ನೀರು ಬೀಳುತ್ತಲೇ ಇತ್ತು.