ಯೂರಿಯಾ ತಿಂದ ಕಡ್ಲೆಕಾಯಿ

ಗೊತ್ತಿರುವುದು ಬೇರೆ, ಗೊತ್ತಿದ್ದಂತೆ ನಡೆಯುವುದು ಬೇರೆ ಎಂಬುದು ನನಗೆ ಐವತ್ತರ ಹತ್ತಿರ ಅರ್ಥವಾಯಿತು. ಅದೂ ಸಿಂಧಘಟ್ಟದ ಹೊಲದಲ್ಲಿ, ಕೈಯಲ್ಲೊಂದು ಕಡ್ಲೆಕಾಯಿ ಗಿಡ ಹಿಡಿದು, ಬಾಯಿ ತೆರೆದು ನಿಂತಾಗ.

ನಾನು ಕೆ.ಆರ್. ಪೇಟೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು. ಅಪ್ಪನಿಂದ ಬಂದ ಅರ್ಧ ಎಕರೆಯಲ್ಲಿ ಈ ಬೇಸಿಗೆಗೆ ನಾನೇ ಕಡ್ಲೆಕಾಯಿ ಬೆಳೆಯುತ್ತೇನೆಂದು ಹೊರಟೆ. ಸುಮ್ಮನೆ ಬೆಳೆದಿದ್ದರೆ ಆಗುತ್ತಿತ್ತು. ನಾಗಮಂಗಲದ ಸೋದರತ್ತೆಗೆ ಫೋನ್ ಮಾಡಿ, "ಮುಂಗಾರಿಗೆ ಬಿತ್ತನೆ ಬೀಜ ಬೇರೆಲ್ಲೂ ಹುಡುಕಬೇಡಿ, ನಾನೇ ಕೊಡ್ತೀನಿ" ಎಂದುಬಿಟ್ಟೆ. ಅತ್ತೆ ನಂಬಿದರು. ನಮ್ಮ ವಂಶದಲ್ಲಿ ಓದಿದವರನ್ನು ನಂಬುವ ಕೆಟ್ಟ ಚಾಳಿ ಇದೆ.

ಗಿಡ ಕೊಂಚ ಹಳದಿ ಕಂಡಿತೆಂದು ಯೂರಿಯಾ ಚೆಲ್ಲಿಸಿದೆ. ಹಸಿರೇರಿತು. ಆ ಖುಷಿಗೆ ಇನ್ನೊಮ್ಮೆ ಚೆಲ್ಲಿಸಿದೆ. ಹೂ ಬಿಡುವ ಹೊತ್ತಿಗೆ ಪಕ್ಕದ ಹೊಲದ ನಂಜಮ್ಮ ತಮ್ಮ ಗಿಡಗಳ ಬುಡಕ್ಕೆ ಬಿಳಿ ಪುಡಿ ಹಾಕಿ ಮಣ್ಣು ಏರಿಸುತ್ತಿದ್ದರು. "ಟೀಚರಮ್ಮ, ನೀವೂ ಜಿಪ್ಸಂ ಆಕ್ಬುಡಿ. ಕಾಳು ಗಟ್ಟಿ ಆಯ್ತದೆ" ಎಂದರು. ಜಿಪ್ಸಂ ಎಂದರೆ ನನಗೆ ನೆನಪಾದದ್ದು ನಮ್ಮ ಹಾಲ್‌ನ ಮೇಲ್ಛಾವಣಿ. "ನನ್ನ ಗಿಡ ನೋಡಿ ನಂಜಮ್ಮ, ಅದಕ್ಕೇನು ಕಡಿಮೆಯಾಗಿದೆ?" ಎಂದೆ. ಅವರು ನೋಡಿದರು. ನನ್ನ ಗಿಡ ಅವರದರ ಎರಡರಷ್ಟಿತ್ತು. ಮತ್ತೆ ಬಗ್ಗಿ ತಮ್ಮ ಸಾಲಿಗೆ ಮಣ್ಣು ಏರಿಸತೊಡಗಿದರು.

ಕೀಳುವ ದಿನ ಅತ್ತೆ ಬೆಳಗಿನ ಬಸ್ಸಿಗೇ ಖಾಲಿ ಚೀಲಗಳೊಂದಿಗೆ ಬಂದಿಳಿದರು. ಮೊದಲ ಗಿಡ ಕಿತ್ತೆ. ತೋಳುದ್ದ ಬಳ್ಳಿ, ಬುಡದಲ್ಲಿ ಆರೇಳು ಕಾಯಿ. ಒಂದನ್ನು ಒತ್ತಿದೆ. ಟಪ್ ಎಂದಿತು, ಒಳಗೆ ಬರೀ ಗಾಳಿ. ಇನ್ನೊಂದರಲ್ಲೂ ಗಾಳಿ. ಮೂರನೆಯದರಲ್ಲಿ ಸುಕ್ಕುಗಟ್ಟಿದ ಕಾಳೊಂದು ನನ್ನನ್ನೇ ನೋಡುತ್ತಿತ್ತು. ಗಿಡ ಹಿಡಿದೇ ಬದುವಿನ ಮೇಲೆ ಕೂತೆ.

"ಅಯ್ಯೋ ಗೌರಿ, ಬರೀ ಸಿಪ್ಪೆ ಕಣೇ ಇವು! ಹೊಲ ಉತ್ತು ಮಡಗಿದ್ದೀನಲ್ಲೇ, ಏನ ಬಿತ್ಲಿ ನಾನು?" ಅತ್ತೆ ಖಾಲಿ ಚೀಲಗಳನ್ನು ಬದುವಿನ ಮೇಲೆ ಹಾಕಿದರು.

ಗಲಾಟೆ ಕೇಳಿ ನಂಜಮ್ಮ ಬಂದರು. ಬೇರು ತಿರುಗಿಸಿ ನೋಡಿದರು. "ಯೂರಿಯಾ ಎಲ್ಲಾ ಎಲೆಗೇ ಓಯ್ತು ಕಣವ್ವ. ಜಿಪ್ಸಂ ಆಕ್ನಿಲ್ವಲ್ಲ, ಸುಣ್ಣದಂಶ ಸಾಲ್ದೆ ಕಾಳು ಕಟ್ನಿಲ್ಲ. ಇದು ಬೇರಲ್ಲಿ ಗಂಟು ಬುಡೋ ಬೆಳೆ. ಆ ಗೊಬ್ರವ ತಾನೇ ಮಾಡ್ಕತದೆ. ಇದ್ಕ್ಯಾಕೆ ಅಷ್ಟೊಂದು ಯೂರಿಯಾ?"

ಬೇರುಗಂಟು! ಹದಿನೆಂಟು ವರ್ಷದಿಂದ ನಾನು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸುತ್ತಿರುವ ಅದೇ ಬೇರುಗಂಟು. ಜೊಳ್ಳು ಕಾಯಿಗಿಂತ ಈ ಮಾತಿಗೇ ನಾನು ಹೆಚ್ಚು ಬೆಚ್ಚಿಬಿದ್ದೆ.

ಆದರೂ ಆಸೆ. ಸಿಕ್ಕಷ್ಟು ಕಾಳು ಒಣಗಿಸಿ, ಇಪ್ಪತ್ತನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ. ಮೊಳೆತದ್ದು ನಾಲ್ಕು. ಮೊಳೆಯದ ಕಾಳೊಂದನ್ನು ಬಿಡಿಸಿದರೆ ಮೊಳಕೆಯ ಜಾಗವೇ ಕಪ್ಪಾಗಿತ್ತು. ಗೊಬ್ಬರದ ತಪ್ಪು ಕಾಯಿಗೆ ಮಾತ್ರವಲ್ಲ, ಮುಂದಿನ ಬೆಳೆಯ ಬೀಜದೊಳಕ್ಕೂ ಇಳಿದಿತ್ತು.

ಬೇರೆ ದಾರಿ ಕಾಣದೆ ನಂಜಮ್ಮನ ಮನೆ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತೆ. ಬಾಯಿ ತೆರೆಯುವ ಮೊದಲೇ ಅವರು, "ನಿಮ್ಮತ್ತೆಗೆ ಅಂತ ಎರಡು ಚೀಲ ಬಿತ್ನೆ ಬೀಜ ಎತ್ತಿ ಮಡಗಿವ್ನಿ, ತಕಂಡೋಗಿ" ಎಂದರು. ನನ್ನ ಕಣ್ಣು ತುಂಬಿತು.

"ಆದ್ರೆ ಟೀಚರಮ್ಮ, ನೀವು ಬುಟ್ಟೋದ ಬಳ್ಳಿಯ ನಮ್ಮ ಅಸ ಎಂಗ್ ತಿಂತದೆ ಅಂತೀರಿ! ಅಷ್ಟು ಸೊಂಪಾಗಿ ಬೆಳ್ಸೋದು ಎಂಗೆ ಅಂತ ನಂಗೂ ವಸಿ ಯೋಳ್ಕೊಡಿ."

ನಾನು ಕಣ್ಣೊರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಸಾರಜನಕದಿಂದಲೇ ಪಾಠ ಶುರುಮಾಡಿದೆ. ಹತ್ತು ನಿಮಿಷದ ಮೇಲೆ ನೋಡಿದರೆ ನಂಜಮ್ಮ ಬಾಯಿಗೆ ಸೆರಗು ಒತ್ತಿ ಹಿಡಿದು ನಗುತ್ತಿದ್ದರು.